ಹೊರೆ ಹೊತ್ತ ಲೆಕ್ಕವನ್ನು ಕೇಳಿರಿ

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ದೊಡ್ಡ ಭಾಷಣಕಾರನಲ್ಲ. ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಈ ಮುಂಬಯಿಗೆ ಬಂದು, ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಆಮೇಲೆ ಸಂಘದ ಕೆಲಸಕ್ಕೆ ಇಳಿದವನು. ಕಾರ್ಯದರ್ಶಿಗಳು ಹೇಳಿದ್ದರಿಂದ ಎರಡು ಮಾತು ಆಡಲು ನಿಂತಿದ್ದೇನೆ.

ಕಳೆದ ತಿಂಗಳು ನನ್ನ ಅಕ್ಕನ ಮಗ ಅಮೆರಿಕದಿಂದ ಫೋನು ಮಾಡಿ ತನ್ನ ಪ್ರವಾಸದ ಫಜೀತಿಯನ್ನು ಹೇಳಿದ. ಅದನ್ನು ಸಂಘದ ಕೋಣೆಯಲ್ಲಿ ನಾನು ಹೇಳಿದಾಗ ನೀವೆಲ್ಲ ಹೊಟ್ಟೆ ಹಿಡಿದು ನಕ್ಕಿರಿ. ನಗದೆ ಕುಳಿತವರು ಒಬ್ಬರೇ. ಇಪ್ಪತ್ತೆರಡು ವರ್ಷ ಹೋಟೆಲಿನಲ್ಲಿ ದುಡಿದು, ಕೈಗೆ ಬಂದ ಪ್ರಾವಿಡೆಂಟ್ ಫಂಡಿನ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ವಿದ್ಯುತ್ ಟೆಂಪೊ ಕೊಳ್ಳಲು ಹೊರಟಿರುವ ನಮ್ಮ ಅಣ್ಣ. ಅವರು ಕೇಳಿದರು: “ತಮ್ಮಾ, ಹಾಗಾದರೆ ನನ್ನ ಟೆಂಪೊದ ಗತಿ ಏನು?” ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ಈ ಭಾಷಣ. ಆದರೆ ಮೊದಲು ಅಮೆರಿಕಕ್ಕೆ ಹೋಗಿ ಬರೋಣ.

ಆ ದೇಶದಲ್ಲಿ ಪಿಕಪ್ ಎಂಬ ಗಾಡಿ ಉಂಟು. ಮುಂದೆ ಕಾರಿನಂತೆ ಆಸನ, ಹಿಂದೆ ತೆರೆದ ತೊಟ್ಟಿ. ಅದರ ಹಿಂದೆ ಜನ ಒಂದು ಗಾಲಿಯ ಮನೆಯನ್ನು ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಅದರಲ್ಲಿ ಮಂಚ, ಒಲೆ, ನಲ್ಲಿ, ಪಾಯಖಾನೆ ಎಲ್ಲವೂ ಇರುತ್ತದೆ. ಅದಕ್ಕೆ ಕ್ಯಾಂಪರ್ ಎಂದು ಹೆಸರು. ನಮ್ಮ ಚಾಳಿನ ಖೋಲಿಗೆ ಗಾಲಿ ಹಾಕಿದಂತೆ ಎಂದುಕೊಳ್ಳಿ.

ಈಚೆಗೆ ಆ ಪಿಕಪ್ಪುಗಳೂ ಬ್ಯಾಟರಿಯ ಮೇಲೆ ಓಡತೊಡಗಿದವು. 2021ರಲ್ಲಿ ರಿವಿಯನ್ ಕಂಪೆನಿಯ ಆರ್1ಟಿ, 2022ರಲ್ಲಿ ಫೋರ್ಡ್ ಕಂಪೆನಿಯ ಎಫ್-150 ಲೈಟ್ನಿಂಗ್ ರಸ್ತೆಗೆ ಬಂದವು. ಇವುಗಳ ಬಲಕ್ಕೆ ಕೊರತೆಯಿಲ್ಲ. ಫೋರ್ಡಿನದು 10,000 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಟನ್ನಿನವರೆಗೆ ಎಳೆಯಬಲ್ಲುದು. ರಿವಿಯನ್ನಿನದು 11,000 ಪೌಂಡು. ಎತ್ತಿಗೆ ಬಲವುಂಟು, ದಾರಿಗೆ ಮೇವು ಸಾಲುತ್ತದೆಯೇ ಎಂಬುದೇ ಪ್ರಶ್ನೆ.

ನನ್ನ ಸೋದರಳಿಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ದೋಸೆ ಹೊಯ್ಯುವವನು. ಅವನಿಗೂ ಅಡಿಗೆಮನೆಯ ಮೂವರು ಗೆಳೆಯರಿಗೂ ವರ್ಷಕ್ಕೊಮ್ಮೆ ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತು. ಮೂರೇ ದಿನ! ಧಣಿಗಳು ತಮ್ಮ ಲೈಟ್ನಿಂಗ್ ಗಾಡಿಯನ್ನು ಕೊಟ್ಟರು. ಇವರು ಒಂದು ಕ್ಯಾಂಪರನ್ನು ಬಾಡಿಗೆಗೆ ಹಿಡಿದರು. ಗುಡ್ಡದಾಚೆಯ ಟ್ರಕೀ ಎಂಬ ಊರಿಗೆ ಸುಮಾರು 350 ಕಿಲೊಮೀಟರ್ ದಾರಿ. ಗಾಡಿಯ ಕಾಗದದಲ್ಲಿ ಒಮ್ಮೆ ತುಂಬಿಸಿದರೆ ಸುಮಾರು 480 ಕಿಲೊಮೀಟರ್ ಎಂದು ಅಚ್ಚಾಗಿತ್ತು. 480ರಲ್ಲಿ 350 ಹೋಗಲಾರದೇ? ಮಧ್ಯಾಹ್ನದ ಊಟ ಅಲ್ಲಿಯೇ ಎಂದು ಬೆಳಿಗ್ಗೆ ಏಳಕ್ಕೆ ಹೊರಟರು.

ನೂರು ಕಿಲೊಮೀಟರ್ ದಾಟುವುದರೊಳಗೆ ಬ್ಯಾಟರಿ ಅರ್ಧಕ್ಕೂ ಕೆಳಗೆ ಇಳಿದಿತ್ತು. ದಾರಿಯಲ್ಲಿ ಚಾರ್ಜು ಮಾಡುವ ಕಡೆ ನಿಂತರು. ಅಲ್ಲಿಯ ಜಾಗ ಒಂಟಿ ಕಾರಿಗೆ ಮಾಡಿದ್ದು. ಬಾಲಕ್ಕೆ ಮನೆ ಕಟ್ಟಿಕೊಂಡವನಿಗೆ ಹೊಕ್ಕಲು ಎಡೆಯಿಲ್ಲ. ಕ್ಯಾಂಪರನ್ನು ಒಂದು ಮೂಲೆಯಲ್ಲಿ ಬಿಚ್ಚಿ, ಸರಪಳಿ ಕಳಚಿ, ತಂತಿ ಕಿತ್ತು, ಗಾಡಿಯನ್ನು ಒಯ್ದು ಸಾಲಿನಲ್ಲಿ ನಿಲ್ಲಿಸಬೇಕು. ತುಂಬಿದ ಮೇಲೆ ಮತ್ತೆ ತಂದು ಕಟ್ಟಬೇಕು. ನೂರಕ್ಕೆ 15ರಿಂದ 80ರವರೆಗೆ ತುಂಬಲು ಸುಮಾರು 40 ನಿಮಿಷ ಎಂದು ಕಂಪೆನಿ ಹೇಳುತ್ತದೆ. ಅದು ಒಳ್ಳೆಯ ಯಂತ್ರ ಸಿಕ್ಕಿದರೆ. ಬಿಚ್ಚಿ ಕಟ್ಟುವ ಹೊತ್ತು, ಸಾಲಿನಲ್ಲಿ ಕಾಯುವ ಹೊತ್ತು ಆ ಲೆಕ್ಕದಲ್ಲಿ ಸೇರಿಲ್ಲ. ಹೀಗೆ ಮೂರು ಕಡೆ ನಿಂತು, ಊಟಕ್ಕೆ ಮುಟ್ಟಬೇಕಾದವರು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದರು. ಮೂರು ದಿನದ ರಜೆಯಲ್ಲಿ ಒಂದು ದಿನ ದಾರಿಯ ಪಾಲಾಯಿತು. ರಜೆಯ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೀಗೇಕಾಯಿತು? ಕ್ಯಾಂಪರಿನ ಭಾರದಿಂದ ಎಂದು ನೀವು ಹೇಳುವಿರಿ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ 2022ರಲ್ಲಿ ಮೋಟಾರ್‌ಟ್ರೆಂಡ್ ಎಂಬ ಅಮೆರಿಕದ ಪತ್ರಿಕೆಯವರು ಇದೇ ಜಾತಿಯ ಗಾಡಿಗೆ ಮೂರು ಕ್ಯಾಂಪರುಗಳನ್ನು ಒಂದೊಂದಾಗಿ ಕಟ್ಟಿ ಓಡಿಸಿ ನೋಡಿದರು. 1,400 ಕಿಲೊ ತೂಕದ್ದನ್ನು ಕಟ್ಟಿದಾಗ 115 ಮೈಲಿ. 2,400 ಕಿಲೊದ್ದಕ್ಕೆ 100 ಮೈಲಿ. 3,300 ಕಿಲೊದ್ದಕ್ಕೆ 90 ಮೈಲಿ. ಗಮನವಿಟ್ಟು ನೋಡಿರಿ. ಅಚ್ಚಾದದ್ದು 300 ಮೈಲಿ. ಅತಿ ಚಿಕ್ಕ ಕ್ಯಾಂಪರು ಕಟ್ಟಿದೊಡನೆ ಅದು 115ಕ್ಕೆ ಬಿತ್ತು. ಆಮೇಲೆ ತೂಕ ಇಮ್ಮಡಿಗಿಂತ ಹೆಚ್ಚಾದರೂ ಮತ್ತೆ ಇಳಿದದ್ದು 25 ಮೈಲಿ ಮಾತ್ರ.

ಹಾಗಾದರೆ ಕಳ್ಳ ಯಾರು? ಗಾಳಿ! ಮಳೆಗಾಲದಲ್ಲಿ ವರ್ಲಿಯ ಕಡಲ ದಂಡೆಯಲ್ಲಿ ಕೊಡೆ ಬಿಚ್ಚಿ ಗಾಳಿಗೆ ಎದುರಾಗಿ ನಡೆದವರಿಗೆ ಇದು ಗೊತ್ತು. ಕೊಡೆಯ ತೂಕವೆಷ್ಟು? ಏನೂ ಇಲ್ಲ. ಆದರೆ ಅದು ನಮ್ಮನ್ನು ಹಿಂದಕ್ಕೆ ನೂಕುವುದಿಲ್ಲವೇ? ಕ್ಯಾಂಪರಿನ ಎತ್ತರದ ಮುಖವೂ ಅಂಥ ಕೊಡೆ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಅದರ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿಲೊಮೀಟರಿನಲ್ಲಿ ಗಾಳಿಯ ತಡೆ ನೂರು ಎಂದಾದರೆ, 100 ಕಿಲೊಮೀಟರಿನಲ್ಲಿ ಅದು 156. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಗಾಡಿ ಕಟ್ಟಿದವರು ಗಂಟೆಗೆ 55 ಮೈಲಿ ಮೀರಬಾರದೆಂದು ಕಾನೂನೇ ಉಂಟು.

ಭಾರವು ತನ್ನ ಸುಂಕ ಕೇಳುವುದು ಘಟ್ಟದಲ್ಲಿ. ಆರು ಟನ್ನನ್ನು ಒಂದು ಕಿಲೊಮೀಟರ್ ಎತ್ತರಕ್ಕೆ ಏರಿಸಲು, ಏರಿಸುವುದಕ್ಕಷ್ಟೇ, 16 ಯೂನಿಟ್ ವಿದ್ಯುತ್ ಬೇಕು. ಇವರ ದಾರಿಯ ಡಾನರ್ ಘಟ್ಟದ ನೆತ್ತಿ ಸುಮಾರು 2,200 ಮೀಟರ್. ಸಮುದ್ರದ ಮಟ್ಟದಿಂದ ಅಲ್ಲಿಗೆ ಏರಲು 35 ಯೂನಿಟ್ಟಿಗೂ ಮೇಲೆ ಹೋಯಿತು. ಬ್ಯಾಟರಿಯಲ್ಲಿ ಹಿಡಿಯುವುದೇ 131 ಯೂನಿಟ್. ಇಳಿಜಾರಿನಲ್ಲಿ ಮೋಟಾರೇ ವಿದ್ಯುತ್ತು ಹುಟ್ಟಿಸಿ ಒಂದು ಪಾಲು ಮರಳಿಸುತ್ತದೆ. ಗಾಳಿ ತಿಂದದ್ದು ಮಾತ್ರ ಮರಳುವುದಿಲ್ಲ.

ಪೆಟ್ರೋಲ್ ಗಾಡಿಯನ್ನೂ ಗಾಳಿ ಬಿಡುವುದಿಲ್ಲ, ಸೋದರರೇ. ಆದರೆ ಅದಕ್ಕೆ ಹಾದಿಯುದ್ದಕ್ಕೂ ಪಂಪುಂಟು, ಐದು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ. ಫೋರ್ಡ್ ಕಂಪೆನಿಯವರು 2025ರ ಡಿಸೆಂಬರಿನಲ್ಲಿ ಈ ಲೈಟ್ನಿಂಗ್ ಗಾಡಿಯ ತಯಾರಿಯನ್ನು ಮುಗಿಸುವುದಾಗಿಯೂ, ಮುಂದಿನದರಲ್ಲಿ ವಿದ್ಯುತ್ ಹುಟ್ಟಿಸಲು ಒಂದು ಇಂಧನದ ಎಂಜಿನನ್ನೂ ಇಡುವುದಾಗಿಯೂ ಸಾರಿದರು.

ಹುಡುಗರು ಹಿಂದಿರುಗುವಾಗ ಜಾಣರಾಗಿದ್ದರು. ಕ್ಯಾಂಪರು ನಿಲ್ಲಿಸುವ ಬಿಡಾರದಲ್ಲಿ 50 ಆಂಪಿಯರಿನ ವಿದ್ಯುತ್ ಮೊಳೆ ಇತ್ತು. ರಾತ್ರಿ ಹತ್ತು ಗಂಟೆ ಕಾಲ ಗಾಡಿಯನ್ನು ಅದಕ್ಕೆ ಸಿಕ್ಕಿಸಿದರು. ನಿದ್ದೆಯಲ್ಲಿಯೇ ಎಂಬತ್ತು ತೊಂಬತ್ತು ಯೂನಿಟ್ ಸೇರಿತು. ಅಚ್ಚಾದ ಸಂಖ್ಯೆಯ ಮೂರನೆಯ ಒಂದು ಪಾಲನ್ನೇ ನಂಬಿ ನಿಲ್ದಾಣಗಳನ್ನು ಮೊದಲೇ ಗೊತ್ತುಮಾಡಿದರು. ನಿಧಾನವಾಗಿ ಓಡಿಸಿದರು. ಗಾಡಿ ತುಂಬುವಾಗಲೇ ಊಟ ಮುಗಿಸಿದರು. ಮರುದಿನ ಹಿಟ್ಟು ರುಬ್ಬುವ ಹೊತ್ತಿಗೆ ನಾಲ್ವರೂ ಕೆಲಸದಲ್ಲಿದ್ದರು. ಗಾಡಿ ಅದೇ, ಕ್ಯಾಂಪರು ಅದೇ, ಬದಲಾದದ್ದು ಲೆಕ್ಕ.

ಈಗ ಅಣ್ಣನ ಪ್ರಶ್ನೆಗೆ ಬರುತ್ತೇನೆ. ಕಾಗದದ 480 ಸುಳ್ಳಲ್ಲ. ಅದು ಒಂಟಿ ಗಾಡಿಯ ಲೆಕ್ಕ. ಹೊರೆ ಕಟ್ಟಿದ ಲೆಕ್ಕವನ್ನು ಹುಡುಗರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಣ್ಣಾ, ನಿಮ್ಮ ಟೆಂಪೊಗೆ ಅಮೆರಿಕದ ಲೆಕ್ಕವನ್ನು ಹಾಗೆಯೇ ಹಚ್ಚಿ ಹೆದರಬೇಡಿರಿ. ಊರೊಳಗೆ ಮೆಲ್ಲಗೆ ಓಡುವ ಗಾಡಿಗೆ ಗಾಳಿಯ ಕಾಟ ಅಷ್ಟಿಲ್ಲ. ನಿಮಗೆ ಕಾಟ ಕೊಡುವುದು ಮೂಟೆಯ ಭಾರ, ಸಿಗ್ನಲಿಗೊಮ್ಮೆ ನಿಂತು ಹೊರಡುವುದು, ಮೇಲ್ಸೇತುವೆಗಳ ಏರು, ಮತ್ತು ಹಗಲಿನ ನಡುವೆ ಚಾರ್ಜಿಗೆ ಕಳೆಯುವ ಗಂಟೆಗಳು. ಆ ಗಂಟೆಗಳಲ್ಲಿ ಬಾಡಿಗೆ ಬರುವುದಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ.

ನಾನು ಮೊದಲ ನೌಕರಿಗೆ ಸೇರುವಾಗ ಎಂಟು ಗಂಟೆಯ ಕೆಲಸ ಎಂದಿದ್ದರು. ಅಂಗಡಿ ತೆರೆಯುವ ಮುಂಚಿನ ಕಸಗುಡಿಸುವುದು, ಮುಚ್ಚಿದ ಮೇಲಿನ ಪಾತ್ರೆ ತಿಕ್ಕುವುದು ಅದರಲ್ಲಿ ಸೇರಿರಲಿಲ್ಲ. ನಾನು ಕೇಳಲಿಲ್ಲ, ಚಿಕ್ಕವನು, ಕೇಳಲು ತಿಳಿಯಲಿಲ್ಲ. ಆ ತಪ್ಪಿಗೆ ನನ್ನ ನಿದ್ದೆ ಹೋಯಿತು, ಅಷ್ಟೇ. ಆದರೆ ಇಲ್ಲಿ ಹೋಗುವುದು 22 ವರ್ಷದ ಗಂಟು.

ಆದ್ದರಿಂದ ಸಂಘದ ಪರವಾಗಿ ನನ್ನ ಸೂಚನೆ ಇದು. ಮುಂದಿನ ಭಾನುವಾರ ನಾವು ನಾಲ್ಕು ಮಂದಿ ಅಣ್ಣನ ಜೊತೆ ಅಂಗಡಿಗೆ ಹೋಗೋಣ. ಅಕ್ಕಿ, ಈರುಳ್ಳಿಯ ಮೂಟೆಗಳನ್ನು ನಾವೇ ಹೊತ್ತು ಟೆಂಪೊಗೆ ಏರಿಸೋಣ. ದಿನವೂ ಹೋಗಬೇಕಾದ ದಾರಿಯನ್ನೇ ಒಂದು ಸುತ್ತು ಹೋಗಿ ಬಂದು, ಬ್ಯಾಟರಿಯಲ್ಲಿ ಎಷ್ಟು ಉಳಿಯಿತೆಂದು ಬರೆದುಕೊಳ್ಳೋಣ. ಲೆಕ್ಕ ಹೊಂದಿದರೆ ಅಣ್ಣ ಸಂತೋಷದಿಂದ ಸಹಿ ಹಾಕಲಿ, ನಾವೇ ಹಾರ ಹಾಕೋಣ. ಹೊರೆ ಹಾಕಲು ಅಂಗಡಿಯವರು ಒಪ್ಪದಿದ್ದರೆ ಸಹಿ ಇಲ್ಲ, ಬೇರೆ ಅಂಗಡಿ ನೋಡೋಣ.

ಮೂಟೆ ಹೊರಲು ಬರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಕೊಡಿರಿ.