ಪಹಣಿಯಲ್ಲಿ ಕಪ್ಪೆಯ ಹೆಸರಿಲ್ಲ

(ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ಕಪ್ಪೆ ಎಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ನಮಗೂ ಕೇಳಿಸಿತು. ನಗಲಿ, ತೊಂದರೆಯಿಲ್ಲ. ಸಾಲ, ಉಳಿತಾಯ, ಹೈನುಗಾರಿಕೆ, ಮಕ್ಕಳ ವಿದ್ಯಾಭ್ಯಾಸ ಎಂದು ಮಾತನಾಡುತ್ತಿದ್ದ ಸಿಸ್ಟರುಗಳಿಗೆ ಈಗ ಕಪ್ಪೆ ಎಲ್ಲಿಂದ ಬಂತು ಎಂದು ಅನ್ನಿಸುವುದು ಸಹಜ. ಈ ವಿಷಯ ತೆಗೆದ ಕೂಡಲೇ ಒಂದು ಸಂಘದಲ್ಲಿ ಒಬ್ಬ ಅಕ್ಕ ನೇರವಾಗಿ ಕೇಳಿಯೇಬಿಟ್ಟರು, "ಕಪ್ಪಿ ಇಲ್ದಿರೆ ನಮ್ಗ್ ಎಂತ ಆತ್ತ್ ಸಿಸ್ಟರ್?" ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಆಮೇಲೆ ಬರುತ್ತೇವೆ. ಅದಕ್ಕೆ ಮೊದಲು ಒಂದು ಸುದ್ದಿ ಹೇಳಬೇಕು. ನಮ್ಮ ಜಿಲ್ಲೆಯದೇ ಸುದ್ದಿ, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

2016ರಲ್ಲಿ ಮಣಿಪಾಲದ ಮುರಕಲ್ಲಿನ ಪಾದೆಯಲ್ಲಿ ಸಿಕ್ಕಿದ ಒಂದು ಕಪ್ಪೆಯನ್ನು ವಿಜ್ಞಾನಿಗಳು ಹೊಸ ಜಾತಿ ಎಂದು ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರೇ 'ಮೈಕ್ರೋಹೈಲಾ ಲ್ಯಾಟರೈಟ್'. ಲ್ಯಾಟರೈಟ್ ಅಂದರೆ ನಮ್ಮ ಮುರಕಲ್ಲು. ಕಪ್ಪೆಯ ಉದ್ದ ಸುಮಾರು 1.6 ಸೆಂಟಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಕೂಗಿದರೆ ಜೀರುಂಡೆ ಎಂದುಕೊಳ್ಳಬೇಕು. ಅದೇ ವರ್ಷ ಉತ್ತರ ಕನ್ನಡದ ಕುಮಟಾ ಕಡೆಯಿಂದ ಇನ್ನೊಂದು ಹೊಸ ಕಪ್ಪೆ ವರದಿಯಾಯಿತು. ಅದು ಗದ್ದೆ, ಕೆರೆಗಳಲ್ಲಿ ಇರುವ ದೊಡ್ಡ ಕಪ್ಪೆ. ಅದರ ಹೆಸರಿನಲ್ಲೇ 'ಕರಾವಳಿ' ಎಂಬ ನಮ್ಮ ಪದ ಇದೆ. ಮೊದಲು ಅದರ ಕೂಗನ್ನು ಗುರುತಿಸಿದವರು ದೊಡ್ಡ ವಿಜ್ಞಾನಿಯಲ್ಲ, ಸಿ.ಆರ್. ನಾಯ್ಕ್ ಎಂಬ ಅರಣ್ಯ ರಕ್ಷಕರು. ಮಿಂಚುಳ್ಳಿ ಹಕ್ಕಿಯ ಹಾಗೆ ಕೂಗುವ ಕಪ್ಪೆ ಯಾವುದಪ್ಪ ಎಂದು ಅವರಿಗೆ ಕುತೂಹಲವಾಯಿತು. ಎರಡು ವರ್ಷ ಕಳೆದು 2018ರಲ್ಲಿ ಮಂಗಳೂರು ಪೇಟೆಯಿಂದಲೇ ಮತ್ತೊಂದು ಪುಟ್ಟ ಕಪ್ಪೆ ಬಂತು. ಅದಕ್ಕೆ 'ಕೊಡಿಯಾಲ್' ಎಂದೇ ಹೆಸರಿಟ್ಟರು. ಕೊಂಕಣಿ ಮನೆಮಾತಿನವರಿಗೆ ಅದು ಯಾವ ಊರು ಎಂದು ವಿವರಿಸಬೇಕಾಗಿಲ್ಲ.

ದಟ್ಟ ಕಾಡಿನಲ್ಲಿ ಹೊಸ ಪ್ರಾಣಿ ಸಿಕ್ಕಿತು ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಇವು ಸಿಕ್ಕಿದ್ದು ಪಾದೆಯಲ್ಲಿ, ಗದ್ದೆಯಲ್ಲಿ, ಪೇಟೆಯ ಬದಿಯಲ್ಲಿ. ಕಷ್ಟವೂ ಅಲ್ಲಿಯೇ ಇದೆ. ಕೊಲ್ಲೂರಿನ ಕಡೆ ಮೂಕಾಂಬಿಕಾ ಅಭಯಾರಣ್ಯ ಇದೆ, ಆ ಕಾಡಿನ ಕಪ್ಪೆಗೆ ಬೇಲಿಯಲ್ಲದಿದ್ದರೂ ಒಂದು ಕಾನೂನು ಇದೆ. ಆದರೆ ಮುರಕಲ್ಲಿನ ಹಕ್ಕಲಿಗೆ ಯಾರಿದ್ದಾರೆ? ಪಹಣಿ ತೆಗೆದು ನೋಡಿ, ಅಂಥ ಜಾಗಕ್ಕೆ ಎಷ್ಟೋ ಕಡೆ 'ಖರಾಬು' ಎಂದು ಬರೆದಿರುತ್ತದೆ. ಬೆಳೆ ಬರುವುದಿಲ್ಲ, ಹಾಗಾಗಿ ಉಪಯೋಗವಿಲ್ಲ. ಉಪಯೋಗವಿಲ್ಲ ಎಂದ ಮೇಲೆ ಕಲ್ಲು ತೆಗೆಯಬಹುದು, ಕಸ ಸುರಿಯಬಹುದು, ಸಮತಟ್ಟು ಮಾಡಿ ಸೈಟು ಮಾಡಬಹುದು. ಯಾರೂ ಕೇಳುವವರಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಮಳೆಗಾಲದಲ್ಲಿ ಆ ಪಾದೆಯ ಮೇಲೆ ಏನಾಗುತ್ತದೆ? ತಗ್ಗು ಇದ್ದಲ್ಲೆಲ್ಲ ಗೇಣುದ್ದ ನೀರು ನಿಲ್ಲುತ್ತದೆ, ಹುಲ್ಲು ಬರುತ್ತದೆ, ಸಣ್ಣ ಸಣ್ಣ ಹೂ ಬಿಡುತ್ತದೆ. ದೀಪಾವಳಿ ಕಳೆಯುವಾಗ ನೀರು ಆರುತ್ತದೆ. ಇಷ್ಟು ಬೇಗ ಆರುವ ನೀರು ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಗ ಆರುವುದೇ ಅದರ ಗುಣ. ವರ್ಷವಿಡೀ ನೀರು ಇರುವ ಕೆರೆಯಲ್ಲಿ ಮೀನು ಇರುತ್ತದೆ. ಮೀನು ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿಂದು ಮುಗಿಸುತ್ತದೆ. ನಾಲ್ಕು ತಿಂಗಳ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಹಾಗಾಗಿ ಎಷ್ಟೋ ಜಾತಿಯ ಕಪ್ಪೆಗಳು ಹುಡುಕಿಕೊಂಡು ಹೋಗಿ ಇಂಥ ತಾತ್ಕಾಲಿಕ ಹೊಂಡದಲ್ಲೇ ಮೊಟ್ಟೆ ಇಡುತ್ತವೆ. ಗೊದಮೊಟ್ಟೆಗೆ ಕಾಲು ಬಂದು ಬಾಲ ಕರಗುವುದಕ್ಕೆ ಕೆಲವು ವಾರ ಬೇಕು, ಅಷ್ಟರವರೆಗೆ ನೀರು ಇದ್ದರೆ ಸಾಕು. ಕೋರೆಯವರು ಕಲ್ಲು ತೆಗೆದು ಬಿಟ್ಟುಹೋದ ಗುಂಡಿಯಲ್ಲೂ ನೀರು ನಿಲ್ಲುತ್ತದಲ್ಲ ಎಂದರೆ, ಅದು ಬೇರೆಯೇ ನೀರು. ಆಳ, ನಾಲ್ಕೂ ಕಡೆ ಗೋಡೆಯ ಹಾಗೆ ನೇರ. ಅದರಲ್ಲಿ ಮಕ್ಕಳು ಬಿದ್ದ ಸುದ್ದಿಯನ್ನು ಮಳೆಗಾಲದಲ್ಲಿ ಪೇಪರಿನಲ್ಲಿ ಓದುತ್ತೇವೆ. ಪಾದೆಯ ಹೊಂಡಕ್ಕೆ ಅದು ಬದಲಿಯಲ್ಲ.

ಹಾಗಂತ ಕೋರೆ ಮುಚ್ಚಿ ಎಂದು ನಾವು ಘೋಷಣೆ ಕೂಗುವವರಲ್ಲ. ನಿಮ್ಮಲ್ಲೇ ಕೆಲವರ ಗಂಡಂದಿರು ಕೋರೆಯ ಲಾರಿಯಲ್ಲಿ, ಕಲ್ಲು ಕಟ್ಟುವ ಕೆಲಸದಲ್ಲಿ ದುಡಿಯುತ್ತಿದ್ದಾರೆ. ಮುರಕಲ್ಲು ಇಲ್ಲದೆ ಕಟ್ಟಿದ ಮನೆ ಈ ಕಡೆ ಎಷ್ಟಿದೆ? ಈ ಸಭಾಭವನದ ಗೋಡೆಯೂ ಅದೇ ಕಲ್ಲು. ನಾವು ಕೇಳುವುದು ಇಷ್ಟೇ: ಊರಿನ ಎಲ್ಲಾ ಪಾದೆಯನ್ನೂ ಒಂದೇ ಲೆಕ್ಕದಲ್ಲಿ ಖರಾಬು ಎನ್ನಬೇಡಿ. ನೀರು ನಿಲ್ಲುವ ತುಂಡು ಯಾವುದು, ಒಣ ತುಂಡು ಯಾವುದು ಎಂದು ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ನೋಡಿದರೆ ದನ ಮೇಯಿಸುವ ಹುಡುಗನೂ ತೋರಿಸುತ್ತಾನೆ.

ಇನ್ನು ಗದ್ದೆ. ಇದು ಪಾದೆಗಿಂತ ಕಷ್ಟದ ಮಾತು, ಯಾಕೆಂದರೆ ಇದು ನಮ್ಮ ಸ್ವಂತ ಮನೆಯ ಮಾತು. ಮೊದಲು ಬೈಲು ಗದ್ದೆಯಲ್ಲಿ ಕಾರ್ತಿ ಬೆಳೆ, ಸುಗ್ಗಿ ಬೆಳೆ, ನೀರಿದ್ದಲ್ಲಿ ಕೊಳ್ಕೆಯೂ ಆಗುತ್ತಿತ್ತು. ಮನುಷ್ಯರಿಗೆ ಅಕ್ಕಿ, ದನಕ್ಕೆ ಹುಲ್ಲು, ಕಪ್ಪೆಗೆ ನಿಂತ ನೀರು. ಈಗ ಹಡಿಲು ಬಿದ್ದ ಗದ್ದೆ ಎಷ್ಟು! ಮಕ್ಕಳು ಬೆಂಗಳೂರು, ಮುಂಬೈ, ಗಲ್ಫಿನಲ್ಲಿ. "ಗದ್ದಿ ಮಾಡುಕೆ ಜನ ಸಿಕ್ಕುದಿಲ್ಲ ಸಿಸ್ಟರ್" ಎಂದು ಪ್ರತಿ ಮನೆಯಲ್ಲೂ ಕೇಳಿದ್ದೇವೆ. ಸುಳ್ಳಲ್ಲ ಅದು. ನಟ್ಟಿ ಮಾಡಿ ಮಾಡಿ ಸೊಂಟ ನೋವು ಬಂದ ಹೆಂಗಸರಿಗೆ ಹೋಗಿ ಕಪ್ಪೆಗಾಗಿ ಗದ್ದೆ ಮಾಡಿ ಎನ್ನುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಗದ್ದೆಗೆ ಮಣ್ಣು ತುಂಬಿಸಿ ಐದು ಸೆಂಟ್ಸ್ ಮಾರಿದರೆ ಮಗಳ ನರ್ಸಿಂಗ್ ಫೀಸು ಆಗುತ್ತದೆ ಎನ್ನುವ ತಾಯಿಗೂ ಉತ್ತರ ಕೊಡುವುದು ಸುಲಭವಲ್ಲ. ಆದರೆ ಒಂದು ಗದ್ದೆಗೆ ಮಣ್ಣು ಬಿದ್ದರೆ ಪಕ್ಕದ ಗದ್ದೆಯ ನೀರು ಹೋಗುವ ದಾರಿಯೂ ಮುಚ್ಚುತ್ತದೆ, ಪಕ್ಕದವರೂ ಬೇಸಾಯ ಬಿಡುತ್ತಾರೆ, ಕಡೆಗೆ ಬಾವಿಯ ನೀರೂ ಕೆಳಗೆ ಹೋಗುತ್ತದೆ. ಹೆದ್ದಾರಿ 66ರ ಬದಿಯಲ್ಲಿ ಇದು ಹೇಗೆ ಒಂದರ ಹಿಂದೆ ಒಂದು ನಡೆಯಿತು ಎಂದು ನೀವೇ ಬಸ್ಸಿನಲ್ಲಿ ಕುಳಿತು ನೋಡಿದ್ದೀರಿ.

ಇದಕ್ಕೆ ಎದುರು ಈಜಿದ ಉದಾಹರಣೆಯೂ ಇದೆ. 2021ರಲ್ಲಿ ಉಡುಪಿ ಕಡೆ ಹಡಿಲು ಭೂಮಿ ಕೃಷಿಯ ಆಂದೋಲನ ನಡೆಯಿತು. ಕೇದಾರೋತ್ಥಾನ ಟ್ರಸ್ಟ್ ಹೆಸರಿನಲ್ಲಿ ವರ್ಷಗಟ್ಟಲೆ ಪಾಳು ಬಿದ್ದ ಗದ್ದೆಗಳನ್ನು ಮತ್ತೆ ಉತ್ತು, ಬೆಳೆದ ಅಕ್ಕಿಯನ್ನು 'ಉಡುಪಿ ಕೇದಾರ ಕಜೆ' ಎಂದು ಮಾರಿದರು. ಅದನ್ನು ಮಾಡಿದ್ದು ಅಕ್ಕಿಗಾಗಿ, ಕಪ್ಪೆಗಾಗಿ ಅಲ್ಲ. ಅದೇ ಸರಿ ಎಂದು ನಮಗೆ ಅನ್ನಿಸುತ್ತದೆ. ಅಕ್ಕಿಗಾಗಿ ನಿಲ್ಲಿಸಿದ ನೀರಿಗೆ ಕಪ್ಪೆ ಕರೆಯದೆ ಬರುತ್ತದೆ.

ಆದರೆ ಗದ್ದೆ ಮಾಡಿದರೂ ವಿಷ ಹೊಡೆದರೆ ಏನು ಪ್ರಯೋಜನ? ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದಿಂದಲೇ. ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ. ನೀರಿಗೆ ಸೇರಿದ್ದೆಲ್ಲ ಅದರ ಮೈಗೆ ಸೇರುತ್ತದೆ. ಕಳೆ ಕೀಳುವವರಿಲ್ಲ ಎಂದು ಕಳೆನಾಶಕ, ಕಂಟದ ಹುಲ್ಲಿಗೂ ಅದೇ. ಹೊಡೆದ ಸಂಜೆಯೇ ಮಳೆ ಬಂದರೆ ಅಷ್ಟೂ ತೋಡಿಗೆ. ಡಬ್ಬ ತೊಳೆಯುವುದೂ ಆ ತೋಡಿನಲ್ಲೇ. ಇದನ್ನು ನಿಲ್ಲಿಸುವುದಕ್ಕೆ ಯಾವ ಸರಕಾರವೂ ಬೇಕಾಗಿಲ್ಲ.

ಈಗ ಆ ಅಕ್ಕನ ಪ್ರಶ್ನೆ. ಕಪ್ಪೆ ಇಲ್ಲದಿದ್ದರೆ ಎಂತ ಆಗುತ್ತದೆ? ಕಪ್ಪೆ ಹುಳ ತಿನ್ನುತ್ತದೆ. ಒಳ್ಳೆಯ ಹುಳ, ಕೆಟ್ಟ ಹುಳ ಎಂದು ನೋಡುವುದಿಲ್ಲ, ಅಲುಗಾಡುವುದನ್ನು ತಿನ್ನುತ್ತದೆ. ಭತ್ತದ ಹುಳಗಳೂ ಅದರಲ್ಲಿ ಬರುತ್ತವೆ. ಕಪ್ಪೆಯನ್ನು ಹಾವು, ಕೊಕ್ಕರೆ ತಿನ್ನುತ್ತವೆ. ದೂರದ ಒಂದು ಸಂಗತಿ ಇದಕ್ಕಿಂತ ಗಂಭೀರ. ಮಧ್ಯ ಅಮೆರಿಕದ ಕೋಸ್ಟರಿಕಾ, ಪನಾಮಾ ದೇಶಗಳಲ್ಲಿ ಒಂದು ಶಿಲೀಂಧ್ರ ರೋಗದಿಂದ ಕಪ್ಪೆಗಳು ಸಾಮೂಹಿಕವಾಗಿ ಸತ್ತುಹೋದ ಮೇಲಿನ ವರ್ಷಗಳಲ್ಲಿ ಮನುಷ್ಯರಿಗೆ ಮಲೇರಿಯಾ ಹೆಚ್ಚಾಯಿತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಲೇರಿಯಾ ಅಂದರೆ ಏನು ಎಂದು ಕರಾವಳಿಯವರಿಗೆ ನಾವು ಹೇಳಬೇಕೇ? ಜಗತ್ತಿನ 8,000ಕ್ಕೂ ಹೆಚ್ಚು ಉಭಯಚರ ಜಾತಿಗಳನ್ನು ಪರಿಶೀಲಿಸಿ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಪ್ರತಿ ಐದರಲ್ಲಿ ಎರಡು ಅಳಿವಿನ ಅಪಾಯದಲ್ಲಿವೆ.

ಒಂದು ಕಾಲದಲ್ಲಿ ಈ ದೇಶ ಕಪ್ಪೆಯ ಕಾಲುಗಳನ್ನು ಟನ್‌ಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿತ್ತು. ಗದ್ದೆಯ ಗೋಂಕರು ಕಪ್ಪೆಗಳೇ ಅವು. 1987ರಲ್ಲಿ ರಫ್ತು ನಿಷೇಧವಾಯಿತು. ಆದರೆ ಪಕ್ಕದ ಗೋವಾದಲ್ಲಿ ಮೊದಲ ಮಳೆಗೆ 'ಜಂಪಿಂಗ್ ಚಿಕನ್' ಎಂದು ಕಪ್ಪೆ ಹಿಡಿಯುವ ಚಟ ಹೋಗಿಲ್ಲ, ಅಲ್ಲಿನ ಅರಣ್ಯ ಇಲಾಖೆ ಎಚ್ಚರಿಕೆ ಕೊಡಬೇಕಾಗುತ್ತದೆ. ಗೋವಾದ ನೆಂಟರ ಮನೆಗೆ ಮಳೆಗಾಲದಲ್ಲಿ ಹೋದಾಗ ತಟ್ಟೆಯಲ್ಲಿ ಏನಿದೆ ಎಂದು ಕೇಳಿಕೊಳ್ಳಿ! ಮೊದಲ ಮಳೆಗೆ ಹೊರಬರುವುದು ಮೊಟ್ಟೆ ಇಡಲು ಬಂದ ಕಪ್ಪೆ. ಹಳದಿ ಬಣ್ಣಕ್ಕೆ ತಿರುಗಿ, ಗಂಟಲಲ್ಲಿ ನೀಲಿ ಚೀಲ ಉಬ್ಬಿಸಿ ಕೂಗುವ ಗಂಡುಗಳು ಕೂಗಿಯೇ ಹಿಡಿಯುವವರಿಗೆ ದಾರಿ ತೋರಿಸುತ್ತವೆ.

2019ರ ಜೂನ್‌ನಲ್ಲಿ ಮಳೆ ತಡವಾಯಿತೆಂದು ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸಿದರು, ಪೇಪರಿನಲ್ಲಿ ಚಿತ್ರ ಬಂತು. ಹಳಬರ ಆಚರಣೆಯನ್ನು ನಾವು ಗೇಲಿ ಮಾಡುವುದಿಲ್ಲ. ಮಳೆಗೂ ಕಪ್ಪೆಗೂ ನಂಟು ಇದೆ ಎಂದು ಅವರು ತಿಳಿದಿದ್ದರು. ಮದುವೆಯಾದ ಜೋಡಿಗೆ ಮನೆ ಎಲ್ಲಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಒಳ್ಳೆಯ ಕೆಲಸದಿಂದ ಆಗುವ ತೊಂದರೆಯನ್ನೂ ಹೇಳಬೇಕು. ಮದಗದ ಹೂಳೆತ್ತಿ ಅಭಿವೃದ್ಧಿ ಮಾಡುವಾಗ ನಾಲ್ಕೂ ಕಡೆ ಕಲ್ಲು, ಕಾಂಕ್ರೀಟಿನ ನೇರ ಗೋಡೆ ಎಬ್ಬಿಸುತ್ತಾರೆ. ನೋಡಲು ಚಂದ, ಫೋಟೋಕ್ಕೂ ಚಂದ. ಬಾಲ ಕರಗಿದ ಪುಟ್ಟ ಕಪ್ಪೆ ಮೇಲೆ ಹತ್ತುವುದು ಹೇಗೆ? ಒಂದು ಬದಿಯನ್ನು ಮಣ್ಣಿನ ಇಳಿಜಾರಾಗಿ ಬಿಡಿ ಎಂದು ಕೇಳಿದರೆ ಎಸ್ಟಿಮೇಟಿನಲ್ಲಿ ಇಲ್ಲ ಎನ್ನುತ್ತಾರೆ. ಹಾಗಾಗಿ ಎಸ್ಟಿಮೇಟು ಆಗುವ ಮೊದಲೇ, ಗ್ರಾಮಸಭೆಯಲ್ಲೇ, ಕೇಳಬೇಕು. ದನವೂ ಇಳಿದು ನೀರು ಕುಡಿಯಬಹುದು ಎಂದು ಸೇರಿಸಿ ಹೇಳಿ, ಆಗ ಯಾರೂ ನಗುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಕೆರೆ, ಪಾದೆಗಳ ದಾಖಲೆ ಪುಸ್ತಕ ಇರಬೇಕು. ಎಷ್ಟೋ ಕಡೆ ಸಮಿತಿ ಕಾಗದದಲ್ಲಿ ಮಾತ್ರ ಇರುತ್ತದೆ. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಪಹಣಿಯಲ್ಲಿ ಕಪ್ಪೆಯ ಹೆಸರು ಬರುವುದಿಲ್ಲ, ಆದರೆ ಈ ಪುಸ್ತಕದಲ್ಲಿ ಬರಬಹುದು. ಇಂಥ ಪಾದೆಯಲ್ಲಿ ಮಳೆಗಾಲ ನೀರು ನಿಲ್ಲುತ್ತದೆ, ಕಪ್ಪೆ ಮೊಟ್ಟೆ ಇಡುತ್ತದೆ ಎಂದು ಒಂದು ಸಾಲು ಬರೆಸಿದರೆ, ನಾಳೆ ಕೋರೆಗೋ ಕಸದ ಗುಂಡಿಗೋ ಅರ್ಜಿ ಬಂದಾಗ ಎತ್ತಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಮಕ್ಕಳಿಗೆ ಎರಡು ಮಾತು ಹೇಳಿ. ಕಪ್ಪೆ ಉಚ್ಚೆ ಹೊಯ್ದರೆ ನರೂಲಿ ಆಗುವುದಿಲ್ಲ, ಕಲ್ಲು ಹೊಡೆಯುವುದು ಬೇಡ. ಪ್ರೀತಿಯಿಂದಲೂ ಹಿಡಿದು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಬಿಡಬಾರದು, ನಾವು ಆಗ ಹೇಳಿದ ರೋಗ ಹಾಗೆಯೂ ಹರಡುತ್ತದೆ. ಮಳೆ ಬಂದ ರಾತ್ರಿ ಬೈಕಿನಲ್ಲಿ ಹೋಗುವ ಗಂಡುಮಕ್ಕಳಿಗೆ ಗದ್ದೆ ಬದಿಯ ರಸ್ತೆಯಲ್ಲಿ ನಿಧಾನ ಹೋಗಲು ಹೇಳಿ. ಹೆದ್ದಾರಿಯ ಲಾರಿಯವರಿಗೆ ಹೇಳುವುದು ನಮ್ಮಿಂದ ಆಗದು, ಅದನ್ನು ಒಪ್ಪಿಕೊಳ್ಳೋಣ.

ಪ್ರತಿ ಸಂಘದ ಠರಾವು ಪುಸ್ತಕದ ಹಿಂದಿನ ಪುಟದಲ್ಲಿ ಈ ತಿಂಗಳಿನಿಂದ ಮೂರು ವಿಷಯ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ: ನಿಮ್ಮ ವಾರ್ಡಿನಲ್ಲಿ ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಜಾಗಗಳು ಯಾವುವು, ಅಲ್ಲಿ ರಾತ್ರಿ ಕಪ್ಪೆ ಕೂಗುತ್ತದೆಯೇ, ಮೊದಲು ಕೂಗುತ್ತಿದ್ದು ಈಗ ನಿಂತ ಜಾಗ ಯಾವುದು. ಮೂರನೆಯದನ್ನು ಅಜ್ಜಿಯಂದಿರ ಹತ್ತಿರ ಕೇಳಿ ಬರೆಯಿರಿ. ಆ ಪಟ್ಟಿಯನ್ನು ಹಿಡಿದುಕೊಂಡು ಮುಂದಿನ ಗ್ರಾಮಸಭೆಗೆ ಒಟ್ಟಿಗೆ ಹೋಗೋಣ. ಊಟದ ಹೊತ್ತಾಯಿತು, ಪ್ರಶ್ನೆಗಳಿದ್ದರೆ ಗಂಜಿ ಕುಡಿಯುತ್ತಾ ಕೇಳಿ.