ಗಪ್ಪಿ ಮೀನು: ಬಿಡಬೇಕಾದ ನೀರು, ಬಿಡಬಾರದ ನೀರು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಮಳೆಗಾಲ ಸಮೀಪಿಸಿತೆಂದರೆ ಪಂಚಾಯಿತಿ ಸಭೆಗಳಲ್ಲಿ ಒಂದು ಬೇಡಿಕೆ ಕೇಳಿಬರುತ್ತದೆ: "ನಮ್ಮೂರ ಕೆರೆಗೂ ಗಪ್ಪಿ ಮೀನು ಬಿಡಿಸಿ." ಈ ಬೇಡಿಕೆ ಸಹಜವಾದುದು. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮನೆಯಲ್ಲಿ ಮಗು ಜ್ವರದಿಂದ ನರಳುವಾಗ ಸೊಳ್ಳೆಯ ವಿರುದ್ಧ ಸಿಕ್ಕ ಯಾವ ಉಪಾಯವನ್ನೂ ಜನರು ಬೇಡವೆನ್ನುವುದಿಲ್ಲ. ಆದರೆ ಠರಾವು ಅಂಗೀಕರಿಸುವ ಮುನ್ನ ಈ ಪುಟ್ಟ ಮೀನಿನ ಸ್ವಭಾವವನ್ನು ಅರಿಯುವುದು ಅವಶ್ಯಕ. ಕೆರೆಗೆ ಬಿಟ್ಟ ಗಪ್ಪಿಯನ್ನು ಹಿಂದಕ್ಕೆ ಕರೆಸುವ ಠರಾವನ್ನು ಯಾವ ಸಭೆಯೂ ಮಾಡಲಾರದು.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ: ವೆನೆಜುವೆಲಾ, ಗಯಾನಾ, ಟ್ರಿನಿಡಾಡ್ ಮುಂತಾದ ಪ್ರದೇಶಗಳ ತೊರೆಗಳು. ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ 1859ರಲ್ಲಿ ಇದನ್ನು ಮೊದಲು ವರ್ಣಿಸಿದರು. ಟ್ರಿನಿಡಾಡ್‌ನಿಂದ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಅವರ ಹೆಸರೇ ಮೀನಿನ ರೂಢನಾಮವಾಯಿತು. ಗಂಡು ಮೀನು 3 ಸೆಂಟಿಮೀಟರ್ ಆಸುಪಾಸಿನ ಉದ್ದವಿದ್ದು ಬಣ್ಣಬಣ್ಣದ ಬಾಲವನ್ನು ಹೊಂದಿರುತ್ತದೆ. ಹೆಣ್ಣು ಅದಕ್ಕಿಂತ ದೊಡ್ಡದು, ಬಣ್ಣ ಮಾತ್ರ ಮಂಕು. ಗಂಡಿನ ಈ ಚೆಲುವೇ ಗಪ್ಪಿಯನ್ನು ಲೋಕದಾದ್ಯಂತ ಗಾಜಿನ ತೊಟ್ಟಿಗಳಿಗೆ ತಲುಪಿಸಿತು. ಸೊಳ್ಳೆಯ ಮರಿಹುಳುಗಳನ್ನು, ಅಂದರೆ ಲಾರ್ವಾಗಳನ್ನು, ತಿನ್ನುವ ಗುಣವು ಅದನ್ನು ಆರೋಗ್ಯ ಇಲಾಖೆಗಳ ಬಳಿಗೆ ತಂದಿತು.

ಗಪ್ಪಿಯು ಮೊಟ್ಟೆಯಿಡದೆ ಜೀವಂತ ಮರಿಗಳನ್ನು ಹಾಕುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕಬಲ್ಲದು. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಿನಲ್ಲಿ ಕಾಪಿಟ್ಟುಕೊಂಡು, ಮತ್ತೆ ಗಂಡಿನ ಸಂಗವಿಲ್ಲದೆಯೂ ಮರಿ ಹಾಕುತ್ತದೆ. ಹೀಗಾಗಿ ಒಂದೇ ಒಂದು ಗರ್ಭಿಣಿ ಮೀನು ಇಡೀ ಹಳ್ಳದಲ್ಲಿ ಸಂತತಿ ಬೆಳೆಸಬಲ್ಲದು. ಕೊಳಕು ನೀರನ್ನೂ ಅದು ಸಹಿಸಿಕೊಳ್ಳುತ್ತದೆ. ಬಾವಿಯಲ್ಲಿ ಉಪಕಾರಿಯಾಗುವ ಈ ಗುಣಗಳೇ ಹರಿಯುವ ನೀರಿನಲ್ಲಿ ಅಪಾಯಕಾರಿಯಾಗುತ್ತವೆ.

ಇದಕ್ಕೆ ಗಪ್ಪಿಯ ತವರಿನಲ್ಲಿಯೇ ಒಂದು ನಿದರ್ಶನವಿದೆ. 1957ರಲ್ಲಿ ಕ್ಯಾರಿಲ್ ಹ್ಯಾಸ್ಕಿನ್ಸ್ ಎಂಬ ವಿಜ್ಞಾನಿ ಟ್ರಿನಿಡಾಡ್‌ನ ಒಂದು ನದೀಕೊಳ್ಳದ ಸುಮಾರು 200 ಗಪ್ಪಿಗಳನ್ನು ಇನ್ನೊಂದು ಕೊಳ್ಳಕ್ಕೆ ಸೇರಿದ ಟುರೂರೆ ನದಿಯ ಮೇಲ್ಭಾಗದಲ್ಲಿ ಬಿಟ್ಟರು. ಅಲ್ಲಿ ಆವರೆಗೆ ಗಪ್ಪಿಗಳಿರಲಿಲ್ಲ. ನದಿಯ ಕೆಳಭಾಗದಲ್ಲಿ ಮಾತ್ರ ಸ್ಥಳೀಯ ಗಪ್ಪಿಗಳಿದ್ದವು. ಮುಂದಿನ ದಶಕಗಳಲ್ಲಿ ಹೊಸಬರ ಸಂತತಿ ಕೆಳಕ್ಕೆ ಇಳಿದು, ಸ್ಥಳೀಯ ಗಪ್ಪಿಗಳ ವಂಶವಾಹಿಗಳನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಒಂದೇ ದ್ವೀಪದ, ಒಂದೇ ಜಾತಿಯ ಮೀನುಗಳ ನಡುವೆ ಹೀಗಾಗಿರುವಾಗ, ಸಾಗರದಾಚೆಯಿಂದ ಬಂದ ಮೀನನ್ನು ಕೆರೆಗೆ ಬಿಡುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಕರ್ನಾಟಕದ ಕೆರೆಗಳು ಬರಿದಾದ ನೀರಲ್ಲ. ತಲೆಯ ಮೇಲೆ ಹೊಳೆಯುವ ಚುಕ್ಕೆಯುಳ್ಳ, ನೀರಿನ ಮೇಲ್ಪದರದಲ್ಲಿಯೇ ಸಂಚರಿಸುವ ಅಪ್ಲೋಚೀಲಸ್ ಕುಲದ ಪುಟ್ಟ ಮೀನುಗಳು ಇಲ್ಲಿನವೇ. ಅವೂ ಸೊಳ್ಳೆಯ ಲಾರ್ವಾಗಳನ್ನು ತಿನ್ನುತ್ತವೆ. ಅವು ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತವೆ. ಗಪ್ಪಿಯು ಅವುಗಳ ಆಹಾರಕ್ಕೆ ಪೈಪೋಟಿ ನೀಡಬಲ್ಲದು, ಪುಟ್ಟ ಮರಿಗಳನ್ನು ನುಂಗಲೂಬಲ್ಲದು. ಸೊಳ್ಳೆಯನ್ನು ಕಾಯುತ್ತಿದ್ದ ಮನೆಯ ಕಾವಲುಗಾರನನ್ನು ಹೊರದೂಡಿ ಪರಸ್ಥಳದವನನ್ನು ನೇಮಿಸಿದಂತೆ ಆಗಬಾರದು.

ಹಾಗೆಂದು ಗಪ್ಪಿಯನ್ನು ತಿರಸ್ಕರಿಸಬೇಕಿಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಬಾವಿಗಳಲ್ಲಿ ಬೆಳೆಯುತ್ತಿರುವುದನ್ನು ಸಂಶೋಧಕರು ಗುರುತಿಸಿ, ಆ ಬಾವಿಗಳಿಗೆ ಗಪ್ಪಿಯನ್ನು ಬಿಟ್ಟಾಗ ಲಾರ್ವಾಗಳು ಇಳಿಮುಖವಾದವು. ಸೊಳ್ಳೆ ಎಲ್ಲಿ ಹುಟ್ಟುತ್ತಿದೆಯೆಂಬುದನ್ನು ಮೊದಲು ಪತ್ತೆಹಚ್ಚಿದ್ದೇ ಅಲ್ಲಿನ ಯಶಸ್ಸಿನ ಮೂಲ. ಇದೇ ವೇಳೆ, ಮೀನುಗಳು ಲಾರ್ವಾಗಳನ್ನು ಕಡಿಮೆ ಮಾಡಿದರೂ ಅವುಗಳಿಂದಲೇ ಮಲೇರಿಯಾ ತಗ್ಗುತ್ತದೆ ಎನ್ನಲು ಸಾಕಷ್ಟು ಪುರಾವೆಗಳಿಲ್ಲವೆಂದು 2017ರ ಕಾಕ್ರೇನ್ ವಿಮರ್ಶೆಯು ಅಭಿಪ್ರಾಯಪಟ್ಟಿದೆ. ಮೀನು ಒಂದು ಸಾಧನವೇ ಹೊರತು ಅದೇ ಪರಿಹಾರವಲ್ಲ.

ಡೆಂಗಿಯ ವಿಷಯದಲ್ಲಂತೂ ಈ ಮಾತು ಇನ್ನೂ ಸ್ಪಷ್ಟ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಕೆರೆಯಲ್ಲಿ ಹುಟ್ಟುವುದಿಲ್ಲ. ಮನೆಯಂಗಳದ ಡ್ರಮ್ಮು, ಸಿಮೆಂಟ್ ತೊಟ್ಟಿ, ಹಳೆಯ ಟೈರು, ತೆಂಗಿನ ಚಿಪ್ಪುಗಳಲ್ಲಿ ಹುಟ್ಟುತ್ತದೆ. ಪಾತ್ರೆಯ ಗೋಡೆಗೆ ಅಂಟಿದ ಅದರ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಉಳಿಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಕೆರೆಗೆ ಸಾವಿರ ಗಪ್ಪಿ ಬಿಟ್ಟರೂ ಟೈರಿನೊಳಗಿನ ಸೊಳ್ಳೆಗೆ ಅದರ ಅರಿವೇ ಆಗದು.

ಈ ಹಿನ್ನೆಲೆಯಲ್ಲಿ ಸದಸ್ಯರು ಕೆಳಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳುವುದು ಸೂಕ್ತ:

1. ಬಳಕೆಯಲ್ಲಿಲ್ಲದ ಬಾವಿ, ಜಾನುವಾರುಗಳ ನೀರಿನ ತೊಟ್ಟಿ, ಕಟ್ಟಡ ಕಾಮಗಾರಿಯ ತೊಟ್ಟಿ ಮುಂತಾಗಿ ಹೊರಹರಿವು ಇಲ್ಲದ ನೀರಿಗೆ ಮಾತ್ರ, ಆರೋಗ್ಯ ಸಿಬ್ಬಂದಿಯ ಸಲಹೆ ಪಡೆದು, ಗಪ್ಪಿಯನ್ನು ಬಿಡುವುದು.

2. ಕೆರೆ, ಹಳ್ಳ, ಕಾಲುವೆಗಳಿಗೆ ಬಿಡದಿರುವುದು. ಮಳೆಗಾಲದಲ್ಲಿ ತುಂಬಿ ಹರಿಯುವ ಕೃಷಿ ಹೊಂಡಕ್ಕೂ ಇದು ಅನ್ವಯಿಸುತ್ತದೆ. ಕೆರೆ ಕೋಡಿ ಬಿದ್ದ ದಿನ ಮೀನಿಗೆ ಪಂಚಾಯಿತಿಯ ಗಡಿ ತಿಳಿಯುವುದಿಲ್ಲ.

3. ಕುಡಿಯುವ ನೀರಿನ ಮೂಲಗಳಲ್ಲಿ ಕ್ಲೋರಿನೀಕರಣಕ್ಕೇ ಆದ್ಯತೆ. ಬ್ಲೀಚಿಂಗ್ ಪುಡಿ ಮೀನನ್ನು ಕೊಲ್ಲುತ್ತದೆ. ಮೀನು ಉಳಿಸುವ ಸಲುವಾಗಿ ಕ್ಲೋರಿನ್ ಕೈಬಿಡುವಂತಿಲ್ಲ. ಈ ವಿಷಯವನ್ನು ನೀರಗಂಟಿಗೆ ತಿಳಿಸಿರಬೇಕು.

4. ಜೈವಿಕ ವೈವಿಧ್ಯ ಅಧಿನಿಯಮ, 2002ರ ಅನ್ವಯ ಸ್ಥಳೀಯ ಸಂಸ್ಥೆಯಲ್ಲಿ ರಚಿತವಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ಮೀನು ಬಿಡುವ ಪ್ರಸ್ತಾವವನ್ನು ಇರಿಸುವುದು. ಕೆರೆಯ ಸ್ಥಳೀಯ ಮೀನುಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು. ಊರಿನ ಮೀನುಗಾರರಿಗೆ ಅವುಗಳ ಹೆಸರುಗಳು ಬಾಯಿಪಾಠವಾಗಿರುತ್ತವೆ.

5. ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನು ಬೇಡವಾದಾಗ ಹಳ್ಳಕ್ಕೆ ಬಿಡಬಾರದೆಂದು ಶಾಲಾ ಮಕ್ಕಳಿಗೆ ತಿಳಿಹೇಳುವುದು.

ಸೊಳ್ಳೆಯಿಂದ ಊರನ್ನು ಕಾಯುವುದು ಪಂಚಾಯಿತಿಯ ಹೊಣೆ. ಹಿರಿಯರು ಕಟ್ಟಿಸಿ ಬಿಟ್ಟುಹೋದ ಕೆರೆಯನ್ನು ಅದರ ಜೀವಸಂಕುಲದೊಡನೆ ಮುಂದಿನವರಿಗೆ ಒಪ್ಪಿಸುವುದೂ ಅದರದೇ ಹೊಣೆ. ಬಾವಿಗೆ ಗಪ್ಪಿ, ಅಂಗಳಕ್ಕೆ ಸ್ವಚ್ಛತೆ, ಕೆರೆಗೆ ಕೆರೆಯದೇ ಮೀನು: ಇಷ್ಟನ್ನು ಪಾಲಿಸಿದರೆ ಎರಡು ಹೊಣೆಗಳೂ ಒಟ್ಟಿಗೆ ನೆರವೇರುತ್ತವೆ.