ಬುಟ್ಟಿಯ ಮರ

ನಾನು ಸಸ್ಯಶಾಸ್ತ್ರ ಬಲ್ಲವನಲ್ಲ. ಕನ್ನಡದ ಪಾಠ ಹೇಳಿ ನಿವೃತ್ತನಾದವನು. ಆದರೆ ಒಂದು ಮರದ ಅಳಿವಿನೊಡನೆ ಒಂದು ಜನಾಂಗದ ಕಥೆಯೂ ಕೈಗೆಲಸವೂ ಅಳಿಯುವುದಾದರೆ, ಅದು ಸಾಹಿತ್ಯದ ವಿದ್ಯಾರ್ಥಿಗೂ ಸಂಬಂಧಿಸಿದ ವಿಷಯವೇ ಸರಿ.

ನಾನು ಹೇಳಹೊರಟಿರುವುದು ಅಮೆರಿಕದ ಆಶ್ ಮರವನ್ನು ಕುರಿತು. ಅದು ನಮ್ಮ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಅದನ್ನು ಕೊಲ್ಲುತ್ತಿರುವ ಕೀಟವಾದರೋ, ನಾವು ಬಾಲ್ಯದಲ್ಲಿ ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದ ಜೀರ್ಜಿಂಬೆಯ ದಾಯಾದಿ. ಅರ್ಧ ಅಂಗುಲದಷ್ಟು ಉದ್ದ, ಪಚ್ಚೆಯ ಹೊಳಪು. ನೋಡಲು ಚೆಲುವೆಂದು ಒಪ್ಪಲೇಬೇಕು. ಪೂರ್ವ ಏಷ್ಯದ ಈ ಕೀಟ ಸರಕಿನ ಮರದ ಪೆಟ್ಟಿಗೆಗಳೊಡನೆ ಕಡಲು ದಾಟಿರಬೇಕೆಂದು ತಜ್ಞರ ಊಹೆ. 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಬಳಿ ಅದನ್ನು ಗುರುತಿಸಿದರು. ಬಲಿತ ಕೀಟ ತಿನ್ನುವುದು ಒಂದಿಷ್ಟು ಎಲೆಯನ್ನು ಮಾತ್ರ. ಅಪಾಯವಿರುವುದು ಮರಿಹುಳುವಿನಿಂದ. ಅದು ತೊಗಟೆಯ ಕೆಳಗೆ ಹಾವು ಹರಿದಂತೆ ಸುರಂಗ ಕೊರೆದು, ಮರದ ಆಹಾರದ ದಾರಿಯನ್ನೇ ಕಡಿಯುತ್ತದೆ. ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಹೀಗೆ ಸತ್ತ ಮರಗಳು ಕೋಟಿಗಟ್ಟಲೆ. ಹಿಂದೆ ಎಲ್ಮ್ ಮರಗಳು ರೋಗದಿಂದ ಅಳಿದಾಗ ಎಷ್ಟೋ ಊರುಗಳು ಅದೇ ಬೀದಿಗಳಲ್ಲಿ ಆಶ್ ಮರಗಳನ್ನೇ ಸಾಲಾಗಿ ನೆಟ್ಟಿದ್ದವು!

ಬೀದಿಗೆ ಬೇರೊಂದು ನೆರಳು ದೊರೆತೀತು. ಆದರೆ ಬುಟ್ಟಿ ಹೆಣೆಯುವ ಅಲ್ಲಿನ ಮೂಲನಿವಾಸಿಗಳಿಗೆ ಕಪ್ಪು ಆಶ್ ಮರಕ್ಕೆ ಬದಲಿಯೆಂಬುದಿಲ್ಲ. ನಮ್ಮ ಮೇದರು ಬಿದಿರನ್ನು ಕತ್ತಿಯಿಂದ ಸೀಳುತ್ತಾರೆ. ಅವರು ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಉದ್ದಕ್ಕೂ ಬಡಿಯುತ್ತಾರೆ. ವಸಂತದಲ್ಲಿ ಬೆಳೆದ ಸಡಿಲ ಭಾಗ ಜಜ್ಜಿಹೋಗಿ, ಒಂದೊಂದು ವರ್ಷದ ಬೆಳವಣಿಗೆ ಒಂದೊಂದು ಪಟ್ಟಿಯಾಗಿ ಎದ್ದುಬರುತ್ತದೆ. ಅವರು ಹೆಣೆಯುವುದು ಮರದ ವರ್ಷಗಳನ್ನೇ ಎನ್ನಬೇಕು. ಮೇನ್ ರಾಜ್ಯದ ವಬನಾಕಿ ಜನರ ಪುರಾಣದಲ್ಲಿ ಗ್ಲುಸ್ಕಾಬೆ ಎಂಬ ವೀರನು ಆಶ್ ಮರಕ್ಕೆ ಬಾಣ ಬಿಟ್ಟಾಗ, ಸೀಳಿದ ತೊಗಟೆಯಿಂದ ಮೊದಲ ಮನುಷ್ಯರು ಹೊರಬಂದರಂತೆ. 2018ರಲ್ಲಿ ಕೀಟ ಆ ರಾಜ್ಯವನ್ನೂ ಹೊಕ್ಕಿರುವುದು ತಿಳಿಯಿತು.

ಈ ಕೀಟವನ್ನು ಅಡಗಿಸುವ ಪುಟ್ಟ ಕಣಜಗಳನ್ನು 2007ರಿಂದ ಚೀನಾದಿಂದ ತಂದು ಬಿಡುತ್ತಿದ್ದಾರೆ. ಸೌದೆಯನ್ನು ಊರಿಂದೂರಿಗೆ ಸಾಗಿಸಬೇಡಿರೆಂದು ಜನರನ್ನು ಬೇಡುತ್ತಿದ್ದಾರೆ. ಬೀಜಗಳನ್ನು ಶೀತಲಗೃಹಗಳಲ್ಲಿ ಕಾಪಿಡುತ್ತಿದ್ದಾರೆ. ಇದೆಲ್ಲ ಒಳ್ಳೆಯದೆ. ಆದರೆ ಬೀಜ ಮೊಳೆತು ಬುಟ್ಟಿಗೆ ಒದಗುವ ಮರವಾಗಲು ದಶಕಗಳೇ ಬೇಕು. ಕೈಗೆಲಸ ಅಷ್ಟು ಕಾಲ ಕಾಯಲಾರದು. ಅಜ್ಜಿಯಿಂದ ಮೊಮ್ಮಗಳು ಕಲಿಯಬೇಕಾದರೆ ದಿಮ್ಮಿ ಇಂದೇ ಬೇಕು. ಅದಕ್ಕೊಂದು ದಾರಿ ಕಂಡಿದೆ. ಕಡಿದ ದಿಮ್ಮಿಗಳನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಹುಳು ಸಾಯುತ್ತದೆ. ಪಟ್ಟಿ ಬಿಡಿಸುವುದಕ್ಕೆ ಮರ ಕೆಡುವುದಿಲ್ಲ.